ವಾಪಸಕ್ಕನ ಕೌಂಟರ್

ಉಡುಗೊರೆ ಕೊಳ್ಳುವವರ ಮುಖ ನೋಡಬೇಕೆಂದರೆ ಆ ದೊಡ್ಡ ಅಂಗಡಿಯ ಯಾವ ಮಹಡಿಯಲ್ಲಿ ಬೇಕಾದರೂ ನಿಲ್ಲಬಹುದು. ಉಡುಗೊರೆ ಸಿಕ್ಕವರ ಮುಖ ನೋಡಬೇಕೆಂದರೆ ಮಾತ್ರ ಒಂದೇ ಜಾಗ. ನೆಲಮಹಡಿಯಲ್ಲಿ, ಹಿಂಬಾಗಿಲ ಪಕ್ಕ, ಒದ್ದೆ ಕೊಡೆಗಳನ್ನು ನಿಲ್ಲಿಸುವ ಸ್ಟ್ಯಾಂಡಿನ ಆಚೆಗಿರುವ ವಾಪಸ್ ಕೌಂಟರ್.

ತನ್ನ ಮಗಳು ಹುಟ್ಟುವುದಕ್ಕೂ ಮುಂಚಿನಿಂದ ಅವಳು ಆ ಕೌಂಟರಿನ ಹಿಂದೆ ಕೆಲಸಕ್ಕೆ ನಿಂತಿದ್ದಳು. ಮೊದಮೊದಲು ಜೊತೆಯವರು ತಮಾಷೆಗೆ 'ವಾಪಸಕ್ಕ' ಎಂದರು, ಆಮೇಲೆ ಮ್ಯಾನೇಜರು ಅಂದರು, ಕೊನೆಗೊಂದು ದಿನ ಕಟ್ಟಿಕೊಂಡ ಗಂಡನೇ ಬಾಯಿ ತಪ್ಪಿ ಹಾಗೆ ಕರೆದು ನಾಲಿಗೆ ಕಚ್ಚಿಕೊಂಡ. ಅವಳು ಏನೂ ಆಗದವಳಂತೆ ಓಗೊಟ್ಟಳು. ಅಲ್ಲಿಗೆ ಆ ಹೆಸರು ಗಟ್ಟಿಯಾಯಿತು.

ಕೌಂಟರಿನ ಕಾನೂನು ಚಿಕ್ಕದು. ನಗುಮುಖ ಮಾಡು, ಸಾಮಾನು ತಗೋ, ಕಾರಣ ಕೇಳಬೇಡ. ಕೇಳದಿದ್ದರೂ ಜನ ಹೇಳುತ್ತಾರೆ, ಅದು ಬೇರೆ ಮಾತು. ಬಾಣಲೆ ತಂದವರೂ 'ಸೈಜು ಸರಿಹೋಗಲಿಲ್ಲ' ಎನ್ನುತ್ತಾರೆ. ಗಡಿಯಾರ ತಂದವರು 'ನಮ್ಮನೇಲಿ ಗೋಡೆ ಇಲ್ಲ' ಎನ್ನುವುದೊಂದು ಬಾಕಿ. ವಾಪಸಕ್ಕ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ನಿಜವಾದ ಕಾರಣ ಅವಳಿಗೆ ಅವರ ಕೈಯಲ್ಲೇ ಕಾಣುತ್ತಿತ್ತು. ಬೇಡದ ವಸ್ತುವನ್ನು ಜನ ಬೇರೆಯವರ ಮಗುವನ್ನು ಎತ್ತಿಕೊಂಡಂತೆ ಮೈಯಿಂದ ತುಸು ದೂರ ಹಿಡಿದುಕೊಂಡು ಬರುತ್ತಾರೆ. ಕೌಂಟರಿನ ಮೇಲೆ ಇಟ್ಟ ಮರುಕ್ಷಣ ಅವರ ಭುಜ ಇಳಿಯುತ್ತದೆ. ಹಾಗೆ ಭುಜ ಇಳಿಯುವುದನ್ನು ನೋಡುವುದೆಂದರೆ ಅವಳಿಗೆ ತುಂಬ ಇಷ್ಟ.

ಇಷ್ಟೆಲ್ಲ ಬಲ್ಲವಳು ತನ್ನ ಮನೆಯ ವಿಷಯದಲ್ಲಿ ಏನು ಮಾಡುತ್ತಿದ್ದಳು ಗೊತ್ತೇ? ಕೇಳಿದರೆ ನಿಮಗೆ ನಗು ಬರಬಹುದು. ನನಗಂತೂ ಪಿತ್ತ ನೆತ್ತಿಗೇರುತ್ತದೆ.

ಗಂಡನ ಮನೆಯಲ್ಲಿ ದೊಡ್ಡಕ್ಕನ ಮಾತೇ ಮಾತು. ದೊಡ್ಡಕ್ಕ ಎಂದರೆ ಗಂಡನ ಅಕ್ಕ. ಅಪ್ಪ ಬೇಗ ಹೋದ ಮನೆಯಲ್ಲಿ ಇಬ್ಬರು ತಮ್ಮಂದಿರನ್ನು ಓದಿಸಿ, ಬೈದು, ಮದುವೆ ಮಾಡಿ ದಡ ಸೇರಿಸಿದವಳು. ಅಂಥವಳ ಮುಂದೆ ತುಟಿ ಪಿಟಕ್ಕೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ವರ್ಷದ ಕೊನೆಯ ರಜೆಗೆ ಅವಳ ಮನೆಯಲ್ಲಿ ಎಲ್ಲರೂ ಸೇರಬೇಕು. ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಒಂದೊಂದು ಉಡುಗೊರೆ ಕೊಡಬೇಕು. ಎಲ್ಲರ ಕಣ್ಣೆದುರೇ ಕಾಗದ ಬಿಚ್ಚಬೇಕು. ಬಿಚ್ಚಿದವರು ಕೆನ್ನೆಗೆ ಕೈಯಿಟ್ಟು 'ಅಯ್ಯೋ, ನನಗೆ ಇದೇ ಬೇಕಾಗಿತ್ತು!' ಎನ್ನಬೇಕು. ಇದು ದೊಡ್ಡಕ್ಕನ ಮನೆಯ ಪದ್ಧತಿ.

ಆ ಉಡುಗೊರೆಗಳನ್ನೆಲ್ಲ ಕೊಂಡು ತರುವ ಭಾರ ಬೀಳುತ್ತಿದ್ದುದು ಮಾತ್ರ ಒಂದೇ ತಲೆಯ ಮೇಲೆ. "ನೀನು ಅಂಗಡಿಯಲ್ಲೇ ಇರೋಳಲ್ವಾ, ನಿನಗೇನು ಕಷ್ಟ?" ಎಂದು ದೊಡ್ಡಕ್ಕ ಯಾವುದೋ ಕಾಲದಲ್ಲಿ ಹೇಳಿದ್ದಳು. ಅದನ್ನೇ ಮೈದುನ ಹಿಡಿದುಕೊಂಡ. ಅವನದು ಫೋಟೊ ಸ್ಟುಡಿಯೊ, ರಜೆ ಬಂತೆಂದರೆ ಅವನ ಕೈಗೆ ಬಿಡುವಿಲ್ಲ. "ಅತ್ತಿಗೇ, ಇವಳಿಗೆ ಏನಾದ್ರೂ ಚೆನ್ನಾಗಿರೋದು ನೀವೇ ನೋಡಿಬಿಡಿ" ಎಂದು ಹೆಂಡತಿಗೆ ಕೊಡುವ ಉಡುಗೊರೆಯನ್ನೂ ಅವಳಿಗೇ ವಹಿಸಿದ. ಅವನ ಹೆಂಡತಿ, ಅಂದರೆ ವಾಪಸಕ್ಕನ ಓರಗಿತ್ತಿ, ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು. ಅವಳೂ ಗಂಡನಿಗೆ ಕೊಡುವ ಉಡುಗೊರೆಯನ್ನು ಇವಳಿಗೇ ಒಪ್ಪಿಸಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಸ್ವಂತ ಗಂಡನಂತೂ ಚೀಲ ಹೊರುವುದಕ್ಕೆ ಸೈ, ಆರಿಸುವುದಕ್ಕಲ್ಲ. ಹೀಗೆ ಎಲ್ಲರೂ ಎಲ್ಲರಿಗೂ ಕೊಡುವುದನ್ನೆಲ್ಲ ಇವಳೇ ಕೊಳ್ಳಬೇಕು, ತನಗೆ ಬರುವುದನ್ನೂ ಸೇರಿಸಿ. ತಾನೇ ಆರಿಸಿ, ತಾನೇ ಕಾಗದ ಸುತ್ತಿದ ಪೊಟ್ಟಣವನ್ನು ತಾನೇ ಬಿಚ್ಚಿ 'ಅಯ್ಯೋ' ಎಂದು ಬೆರಗಾಗುವುದರಲ್ಲಿ ವಾಪಸಕ್ಕನದು ಎತ್ತಿದ ಕೈ.

ಹೋದ ವರ್ಷ ಒಂದು ಎಡವಟ್ಟಾಯಿತು. ಅಂಗಡಿಯಿಂದ ಅಂಗಡಿಗೆ ಅಲೆದು ಸುಸ್ತಾಗಿದ್ದ ವಾಪಸಕ್ಕ ಎರಡು ಪೊಟ್ಟಣಗಳಿಗೆ ಹೆಸರಿನ ಚೀಟಿ ಅದಲುಬದಲು ಅಂಟಿಸಿಬಿಟ್ಟಳು. ದೊಡ್ಡಕ್ಕನ ಗಂಡ, ಮನೆಯವರೆಲ್ಲ 'ಭಾವ' ಎಂದು ಕರೆಯುವ ಸಾಧು ಮನುಷ್ಯ, ಕಾಗದ ಬಿಚ್ಚಿದರೆ ಒಳಗೆ ಕೂದಲು ಒಣಗಿಸುವ ಹೇರ್ ಡ್ರೈಯರ್. ಭಾವನ ತಲೆ ಕನ್ನಡಿಯಷ್ಟು ನುಣುಪು. ಆಚೆ ಓರಗಿತ್ತಿಯ ಕೈಯಲ್ಲಿ ಗಡ್ಡ ಕೆರೆಯುವ ಸೆಟ್ಟು, ಬ್ರಷ್ಷು ಬಟ್ಟಲುಗಳ ಸಮೇತ. ವಾಪಸಕ್ಕ ಬಾಯಿ ತೆರೆಯುವಷ್ಟರಲ್ಲಿ ಭಾವ "ನನಗೆ ಇದೇ ಬೇಕಾಗಿತ್ತು" ಎಂದುಬಿಟ್ಟ. ಅಷ್ಟೇ ಅಲ್ಲ, ಪ್ಲಗ್ ಚುಚ್ಚಿ ಬೋಳು ತಲೆಗೆ ಬಿಸಿಗಾಳಿ ಬಿಟ್ಟುಕೊಂಡು "ಹಾಯಾಗಿದೆ" ಎಂದೂ ಸೇರಿಸಿದ. ಓರಗಿತ್ತಿ ಶೇವಿಂಗ್ ಬ್ರಷ್ಷನ್ನು ಕೆನ್ನೆಗೆ ಸವರಿಕೊಂಡು "ಎಷ್ಟು ಮೆತ್ತಗಿದೆ!" ಎಂದಳು. ಯಾರೂ ನಗಲಿಲ್ಲ. ಇಡೀ ಜಗತ್ತಿನಲ್ಲಿ ಇಂಥ ತಪ್ಪನ್ನು ಹೀಗೆ ನುಂಗಿಕೊಳ್ಳುವ ಇನ್ನೊಂದು ಕುಟುಂಬ ಇದ್ದರೆ ನನಗೆ ತೋರಿಸಿ.

ನಗಬೇಕಾದ ವಿಷಯ ಅಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ರಜೆ ಮುಗಿದ ಮೇಲೆ ವಾಪಸ್ ಕೌಂಟರಿನಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅದಕ್ಕೆ ಅಂಗಡಿಯವರು ವಾಪಸಕ್ಕನಿಗೆ ರಜೆಗೆ ಮುಂಚಿನ ಶನಿವಾರ ಭಾನುವಾರ ಬಿಡುವು ಕೊಡುತ್ತಿದ್ದರು. ಆ ಶನಿವಾರವೇ ಊರಿನ ಶಾಲೆಗಳ ಈಜು ಸ್ಪರ್ಧೆ. ಮಗಳು ಅಂಗಾತ ಈಜುವವಳು. ನೀರಿನ ಮೇಲೆ ಬೆನ್ನು ಮಾಡಿ, ಆಕಾಶ ನೋಡುತ್ತ, ತೋಳುಗಳನ್ನು ಹಿಂದಕ್ಕೆ ಬೀಸಿ ಬೀಸಿ ಹೋಗುವವಳು. ಪ್ರತಿ ವರ್ಷವೂ ಮಗಳು ನೀರಿಗಿಳಿಯುವ ಹೊತ್ತಿಗೆ ತಾಯಿ ಯಾವುದೋ ಅಂಗಡಿಯ ಸಾಲಿನಲ್ಲಿ ಗಾಜಿನ ಹಂಸ ಹಿಡಿದು ನಿಂತಿರುತ್ತಿದ್ದಳು. ಗೆಳತಿಯ ಅಮ್ಮ ಕಳಿಸಿದ ವೀಡಿಯೊ ನೋಡಿ ತೃಪ್ತಿಪಟ್ಟುಕೊಳ್ಳಬೇಕು. ಹೋದ ವರ್ಷದ ವೀಡಿಯೊದಲ್ಲಿ ಮಗಳಿಗಿಂತ ಹೆಚ್ಚಾಗಿ ಕಂಡದ್ದು ಮುಂದೆ ಕೂತಿದ್ದ ಯಾರೋ ಪುಣ್ಯಾತ್ಮನ ಟೊಪ್ಪಿಗೆ.

ಈ ವರ್ಷ ಮಗಳ ಶಾಲೆ ಮುಗಿಯುತ್ತಿತ್ತು. ಇನ್ನು ಈ ಸ್ಪರ್ಧೆ ಇಲ್ಲ.

"ಅಮ್ಮಾ, ಮುಂದಿನ ವಾರ ಶನಿವಾರ ಫೈನಲ್" ಎಂದಳು ಮಗಳು ಒದ್ದೆ ಟವೆಲನ್ನು ಕುರ್ಚಿಯ ಬೆನ್ನಿಗೆ ಹಾಕುತ್ತ. ತಾಯಿ ಉತ್ತರ ಹುಡುಕುವ ಮೊದಲೇ, "ಪರವಾಗಿಲ್ಲ ಬಿಡು, ನಿನಗೆ ಶಾಪಿಂಗ್ ಇರುತ್ತಲ್ಲ. ವೀಡಿಯೊ ಕಳಿಸೋಕೆ ಹೇಳ್ತೀನಿ" ಎಂದು ತಾನೇ ಮಾತು ಮುಗಿಸಿದಳು.

ಸಿಟ್ಟು ಮಾಡಿಕೊಂಡಿದ್ದರೆ, ಅತ್ತು ರಂಪ ಮಾಡಿದ್ದರೆ ತಾಯಿ ಹೇಗೋ ತಡೆದುಕೊಳ್ಳುತ್ತಿದ್ದಳು. ಆ 'ಪರವಾಗಿಲ್ಲ' ಅವಳನ್ನು ಚುಚ್ಚಿತು. ದೊಡ್ಡಕ್ಕನ ಮನೆಯಲ್ಲಿ 'ಇದೇ ಬೇಕಾಗಿತ್ತು' ಎನ್ನುವ ದನಿಯಲ್ಲೇ ಮಗಳು 'ಪರವಾಗಿಲ್ಲ' ಅಂದಿದ್ದಳು. ಸುಳ್ಳು ಹೇಳುವುದನ್ನು ಮಗಳಿಗೆ ತಾನೇ ಕಲಿಸಿಕೊಟ್ಟೆನಲ್ಲ ಎಂದು ವಾಪಸಕ್ಕನಿಗೆ ಬಹಳ ನಾಚಿಕೆಯಾಯಿತು.

ಆ ವಾರವೇ ಒಂದು ಮಧ್ಯಾಹ್ನ ಕೌಂಟರಿಗೆ ಒಬ್ಬಳು ಬಂದಳು. ಕಣ್ಣಿಗೆ ಕಪ್ಪು ಕನ್ನಡಕ, ಮೂಗಿನವರೆಗೆ ಸ್ಕಾರ್ಫು. ಚೀಲದಿಂದ ಪೆಟ್ಟಿಗೆ ತೆಗೆದು, ಮೈಯಿಂದ ದೂರ ಹಿಡಿದು, ಕೌಂಟರಿನ ಮೇಲಿಟ್ಟಳು. ಗಡ್ಡ ಕೆರೆಯುವ ಸೆಟ್ಟು. ಬ್ರಷ್ಷು, ಬಟ್ಟಲು, ಎಲ್ಲ ಹಾಗೇ ಇದ್ದವು.

ವಾಪಸಕ್ಕ ತಲೆಯೆತ್ತಿದಳು. ಸ್ಕಾರ್ಫಿನ ಮೇಲಿನ ಹಣೆ ಓರಗಿತ್ತಿಯದು.

ಓರಗಿತ್ತಿ ಸ್ಕಾರ್ಫನ್ನು ಕೆಳಗೆಳೆದಳು. "ಅಕ್ಕಾ... ಈ ಹೊತ್ತಲ್ಲಿ ನೀನು ಊಟಕ್ಕೆ ಹೋಗಿರ್ತೀಯ ಅಂದ್ಕೊಂಡೆ" ಎಂದಳು ಪೆಚ್ಚು ಮೋರೆ ಹಾಕಿಕೊಂಡು.

ಹದವಾದ ಬೈಗುಳ ವಾಪಸಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಕೌಂಟರಿನ ಅಭ್ಯಾಸ ದೊಡ್ಡದು ನೋಡಿ, ಬಾಯಿಂದ ಬಂದದ್ದು ಬೇರೆಯೇ.

"ತೊಂದರೆ ಇಲ್ಲ, ಮೇಡಂ. ಕೊಡಿ."

ಅಷ್ಟಕ್ಕೇ ಓರಗಿತ್ತಿಯ ಭುಜ ಇಳಿಯಿತು. ಕನ್ನಡಕ ತೆಗೆದಳು. ನಗಲೋ ಅಳಲೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು. "ಇದೊಂದೇ ಅಲ್ಲಕ್ಕ. ನಮ್ಮ ಮಂಚದ ಕೆಳಗೆ ಕಾಲಿಡೋಕೆ ಜಾಗ ಇಲ್ಲ. ಗುಡಿಸೋಕೂ ಆಗ್ತಿಲ್ಲ. ಬಿಸಾಕೋಣ ಅಂದ್ರೆ ನೀನು ಅಲೆದಾಡಿ ತಂದಿದ್ದು ನೆನಪಾಗುತ್ತೆ."

"ನಮ್ಮನೇಲಿ ಬೀರು ಮೇಲೆ" ಎಂದಳು ವಾಪಸಕ್ಕ. "ಸೂರಿಗೆ ತಾಗಿದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಹಿಂದೆ ಸಾಲಿನಲ್ಲಿದ್ದ ಅಜ್ಜ ಕೆಮ್ಮಿ ಎಚ್ಚರಿಸಬೇಕಾಯಿತು. ಆ ಅಜ್ಜನ ಸಾಮಾನು ತೆಗೆದುಕೊಳ್ಳುವಾಗಲೇ ವಾಪಸಕ್ಕನ ತಲೆಗೆ ವಿಷಯ ಹೊಳೆದದ್ದು. ಊರಿಗೆಲ್ಲ ಕೌಂಟರ್ ಇದೆ. ಮನೆಯವರಿಗೆ ಯಾಕಿಲ್ಲ?

ಸಂಜೆ ಮನೆಗೆ ಬಂದವಳೇ ಚಪ್ಪಲಿ ಕಳಚುವ ಮುನ್ನ ದೊಡ್ಡಕ್ಕನಿಗೆ ಫೋನು ಮಾಡಿದಳು. ಕೂತರೆ ಧೈರ್ಯ ಇಳಿದುಹೋಗುತ್ತದೆಂದು ನಿಂತೇ ಮಾತಾಡಿದಳು.

"ದೊಡ್ಡಕ್ಕಾ, ಈ ಸಲ ನಾನು ಶಾಪಿಂಗ್‌ಗೆ ಹೋಗಲ್ಲ."

ಆ ಕಡೆಯಿಂದ ಸೂಜಿಗಳ ಟಿಕ್ ಟಿಕ್ ಕೇಳುತ್ತಿತ್ತು. ದೊಡ್ಡಕ್ಕ ಸದಾ ಸ್ವೆಟರ್ ಹೆಣೆಯುವವಳು. ಅವಳೊಬ್ಬಳ ಉಡುಗೊರೆ ಮಾತ್ರ ಅಂಗಡಿಯಿಂದ ಬರುತ್ತಿರಲಿಲ್ಲ. ವರ್ಷವಿಡೀ ಹೆಣೆದು ಪ್ರತಿಯೊಬ್ಬರಿಗೂ ಒಂದೊಂದು ಸ್ವೆಟರ್ ಕೊಡುತ್ತಿದ್ದಳು. ಈಗ ಆ ಟಿಕ್ ಟಿಕ್ ನಿಂತಿತು.

"ಮೈಗೆ ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಎಲ್ಲರ ಮನೇಲೂ ಬೇಡದ ಉಡುಗೊರೆ ರಾಶಿ ಬಿದ್ದಿದೆ. ಈ ಭಾನುವಾರ ಸಂಜೆ ಎಲ್ಲರೂ ಅದನ್ನ ತಗೊಂಡು ನಿಮ್ಮನೆಗೆ ಬರಲಿ. ನಾನು ವಾಪಸ್ ಕೌಂಟರ್ ಇಡ್ತೀನಿ. ಯಾರೂ ಕಾರಣ ಹೇಳಬೇಕಾಗಿಲ್ಲ. ಯಾರಿಗೆ ಯಾವುದು ಬೇಕೋ ಅದನ್ನ ತಗೊಳ್ಳಲಿ. ಈ ವರ್ಷಕ್ಕೆ ಅದೇ ಉಡುಗೊರೆ."

"ಕೊಟ್ಟಿದ್ದನ್ನ ಕೊಟ್ಟವರ ಮುಂದೇನೇ ಬೇಡ ಅನ್ನೋದಾ? ಮನಸ್ಸು ಮುರಿದುಹೋಗಲ್ವಾ?"

"ಮುರಿಯಲ್ಲ" ಎಂದಳು ವಾಪಸಕ್ಕ.

"ಸರಿ, ನೋಡೇಬಿಡೋಣ" ಎಂದಳು ದೊಡ್ಡಕ್ಕ. "ಆದ್ರೆ ಒಂದು ಮಾತು. ಒಬ್ಬರಿಗೆ, ಒಬ್ಬರೇ ಒಬ್ಬರಿಗೆ ನೋವಾದ್ರೂ ಈ ಹುಚ್ಚಾಟ ಅಲ್ಲಿಗೇ ಬಂದ್. ಶನಿವಾರ ಚೀಲ ಹಿಡ್ಕೊಂಡು ಅಂಗಡಿಗೆ ಹೋಗಬೇಕು. ಒಪ್ಪಿಗೇನಾ?"

ಶನಿವಾರ ಎಂದ ಕೂಡಲೇ ವಾಪಸಕ್ಕನ ಕಣ್ಣು ಕುರ್ಚಿಯ ಬೆನ್ನಿಗೆ ಹಾಕಿದ್ದ ಟವೆಲಿನ ಮೇಲೆ ಬಿತ್ತು. "ಒಪ್ಪಿಗೆ" ಎಂದಳು.

ಭಾನುವಾರ ಸಂಜೆ ದೊಡ್ಡಕ್ಕನ ಹಾಲಿನಲ್ಲಿ ಊಟದ ಮೇಜನ್ನು ಅಡ್ಡಲಾಗಿ ಎಳೆದು ಹಾಕಿ, ಮೇಲೆ ಹಳೆಯ ಹಾಸಿಗೆ ಬಟ್ಟೆ ಹರಡಿ, ಅಂಗಡಿಯ ಏಪ್ರನ್ ಕಟ್ಟಿಕೊಂಡು ವಾಪಸಕ್ಕ ನಿಂತಳು. ಏಪ್ರನ್ ಇಲ್ಲದೆ ಅವಳು ಆ ಮನೆಯ ಸೊಸೆ, ದನಿ ಏಳುತ್ತಿರಲಿಲ್ಲ. ಏಪ್ರನ್ ಕಟ್ಟಿದ ಮೇಲೆ ಬೆನ್ನು ತಾನಾಗಿ ನೆಟ್ಟಗಾಯಿತು.

ಎಲ್ಲರೂ ಉಬ್ಬಿದ ಚೀಲಗಳನ್ನು ಕಾಲ ಸಂದಿಯಲ್ಲಿಟ್ಟುಕೊಂಡು, ಹಲ್ಲು ಡಾಕ್ಟರ ಮುಂದೆ ಸರದಿ ಕಾಯುವವರಂತೆ ಗೋಡೆಗೆ ಒರಗಿ ಕೂತಿದ್ದರು. ಯಾರೂ ಏಳಲೊಲ್ಲರು. ದೊಡ್ಡಕ್ಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಯಾರ ಮುಖ ಬಾಡುತ್ತದೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಕೊನೆಗೆ ಎದ್ದವನು ಭಾವ. ಯಾರೂ ನಿರೀಕ್ಷಿಸಿರಲಿಲ್ಲ. ಹೇರ್ ಡ್ರೈಯರನ್ನು ಎರಡು ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟು, "ಚೆನ್ನಾಗೇ ಇದೆ, ಆದ್ರೆ..." ಎಂದು ತಲೆ ಸವರಿಕೊಂಡ.

"ಕಾರಣ ಬೇಡ ಸರ್. ಕೊಡಿ" ಎಂದಳು ವಾಪಸಕ್ಕ ಗಂಭೀರವಾಗಿ.

ಮೊದಲು ಕಿಸಕ್ಕೆಂದದ್ದು ಮಗಳು. ಆಮೇಲೆ ಭಾವ ನಕ್ಕ. ಅವನು ಹಾಗೆ ಬಾಯ್ತುಂಬ ನಕ್ಕದ್ದನ್ನು ಯಾರಿಗೂ ನೋಡಿದ ನೆನಪಿಲ್ಲ. ಓರಗಿತ್ತಿ ಒಂದೇ ನೆಗೆತಕ್ಕೆ ಬಂದು "ಅದು ನನಗೆ!" ಎಂದು ಡ್ರೈಯರನ್ನು ಎತ್ತಿಕೊಂಡಳು. ವರ್ಷದ ಮೇಲೆ ಅದು ಸೇರಬೇಕಾದವರ ಕೈ ಸೇರಿತು. ಅಂಗಡಿಯ ಕೌಂಟರಿಗೆ ತಂದಿದ್ದ ಗಡ್ಡದ ಸೆಟ್ಟನ್ನು ಅವಳು ಅವತ್ತೇ ವಾಪಸ್ ಎತ್ತಿಕೊಂಡು ಹೋಗಿದ್ದಳು, ಈಗ ಅದು ಭಾವನ ಕೈಗೆ ಬಂತು. "ಗಡ್ಡ ಮಾತ್ರ ಚೆನ್ನಾಗಿ ಬೆಳೆಯುತ್ತೆ ನನಗೆ" ಎಂದ ಅವನು ಹೆಮ್ಮೆಯಿಂದ.

ಅಲ್ಲಿಗೆ ಎಲ್ಲರ ಮೈ ಚಳಿ ಬಿಟ್ಟಿತು. ಮೇಜಿಗೆ ಮುತ್ತಿಗೆ ಬಿತ್ತು. ಗಾಜಿನ ಹಂಸ ಬಂತು, ಕಾಲು ಒತ್ತುವ ಯಂತ್ರ ಬಂತು, ಬ್ರೆಡ್ ಸುಡುವ ಪೆಟ್ಟಿಗೆ, ಟೈಗಳ ಕಟ್ಟು, ಬೆಳಗಾಗುವ ಮುಂಚೆಯೇ ಹಕ್ಕಿಯಂತೆ ಕೂಗುವ ಅಲಾರಂ ಬಂದವು. "ಕೊಡಿ, ಸರ್." "ತೊಂದರೆ ಇಲ್ಲ, ಮೇಡಂ." ವಾಪಸಕ್ಕನ ದನಿ ಒಂದು ಸಲವೂ ತಪ್ಪಲಿಲ್ಲ. ಅವಳ ಗಂಡ, ಮದುವೆಯಾದ ಮೇಲೆ ಒಂದು ಟೈಯನ್ನೂ ಕಟ್ಟದವನು, ಅಷ್ಟೂ ಟೈಗಳನ್ನು ಇಟ್ಟು ಕಾಲೊತ್ತುವ ಯಂತ್ರ ತಬ್ಬಿಕೊಂಡ. ದಿನವಿಡೀ ಬಸ್ಸಿನ ಕೆಳಗೆ ಮಲಗಿ ಎದ್ದ ಕಾಲುಗಳವು. ಸ್ಟುಡಿಯೊದ ಗೋಡೆ ಬಣ್ಣಗೆಟ್ಟಿದೆ ಎಂದು ಗೊಣಗುತ್ತಿದ್ದ ಮೈದುನ ಹಂಸವನ್ನು ದೀಪಕ್ಕೆ ಹಿಡಿದು, "ಮಕ್ಕಳ ಫೋಟೊ ತೆಗೆಯೋವಾಗ ಇದನ್ನ ತೋರಿಸಿದ್ರೆ ಅಳು ನಿಲ್ಲಿಸ್ತಾವೆ" ಎಂದ. ಕಿವಿ ಮಂದವಾದ ಅತ್ತೆ, ಅಂದರೆ ದೊಡ್ಡಕ್ಕನ ತಾಯಿ, ಅಲಾರಂ ಎತ್ತಿಕೊಂಡು ಕಿವಿಗಿಟ್ಟುಕೊಂಡು, "ಇದು ನನಗೆ ಕೇಳಿಸುತ್ತೆ!" ಎಂದು ಕೂಗಿದಳು. ಯಾರ ಮುಖವೂ ಬಾಡಲಿಲ್ಲ. ಒಬ್ಬರಿಗೆ ಹೊರೆಯಾದದ್ದು ಪಕ್ಕದವರ ಕೈಯಲ್ಲಿ ಹೊಸದಾಗುತ್ತಿತ್ತು. ಇಷ್ಟು ಸುಲಭವಿತ್ತೇ ಎಂದು ವಾಪಸಕ್ಕನಿಗೆ ಖುಷಿಯೂ ಆಯಿತು, ಕಳೆದುಹೋದ ಶನಿವಾರಗಳನ್ನು ನೆನೆದು ಹೊಟ್ಟೆಯೂ ಉರಿಯಿತು.

ದೊಡ್ಡಕ್ಕ ಸೋಲೊಪ್ಪಿದವಳಂತೆ ಎದ್ದು ಚಹಾ ತರಲು ಒಳಗೆ ಹೋದಳು.

ಅಷ್ಟರಲ್ಲಿ ಅತ್ತೆ ತನ್ನ ಚೀಲದ ತಳಕ್ಕೆ ಕೈ ಹಾಕಿ ಒಂದು ನೀಲಿ ಸ್ವೆಟರ್ ಎಳೆದು ಮೇಜಿನ ಮೇಲೆ ಹಾಕಿದಳು. "ಇದು ತುರಿಕೆ ಬರಿಸುತ್ತೆ. ತೋಳು ನೋಡು, ನನ್ನ ಮೊಣಕಾಲು ಮುಟ್ಟುತ್ತೆ" ಎಂದಳು, ಕಿವಿ ಕೇಳದವರ ಗಟ್ಟಿ ದನಿಯಲ್ಲಿ.

"ಶ್!" ಎಂದರು ಎಲ್ಲರೂ. ಆದರೆ ಅಣೆಕಟ್ಟೆಯಲ್ಲಿ ಬಿರುಕು ಬಿಟ್ಟಾಗಿತ್ತು. ಮೈದುನ ಅತ್ತಿತ್ತ ನೋಡಿ ತನ್ನ ಚೀಲದ ತಳದಿಂದ ಒಂದು ತೆಗೆದ. ಓರಗಿತ್ತಿಯೂ ತೆಗೆದಳು. ಭಾವ ಕೂಡ, ಕಳ್ಳನಂತೆ, ಸೋಫಾದ ಹಿಂದಿನಿಂದ ಒಂದು ಗಂಟು ಎಳೆದ. ಎಲ್ಲರೂ ಸ್ವೆಟರ್ ತಂದಿದ್ದರು. ಎಲ್ಲರೂ ತಳದಲ್ಲಿ ಬಚ್ಚಿಟ್ಟಿದ್ದರು. ಮೊದಲಿಗರಾಗುವ ಪಾಪ ಮಾತ್ರ ಯಾರಿಗೂ ಬೇಕಿರಲಿಲ್ಲ. ನೋಡನೋಡುತ್ತಿದ್ದಂತೆ ನೀಲಿ, ಕೆಂಪು, ಸಾಸಿವೆ ಬಣ್ಣದ ಉದ್ದ ತೋಳಿನ ಸ್ವೆಟರುಗಳು ಮೇಜಿನ ಮೇಲೆ ಗುಡ್ಡೆಯಾದವು.

ಅಡುಗೆಮನೆಯ ಬಾಗಿಲಲ್ಲಿ ಲೋಟಗಳು ಒಂದಕ್ಕೊಂದು ತಾಗಿದ ಸದ್ದಾಯಿತು. ದೊಡ್ಡಕ್ಕ ಟ್ರೇ ಹಿಡಿದು ನಿಂತಿದ್ದಳು.

ಮೈದುನ ನೆಲ ನೋಡಿದ, ಭಾವ ಸೂರು ನೋಡಿದ. ವಾಪಸಕ್ಕ ನೋಡಿದ್ದು ಮಗಳನ್ನು. ಮಗಳು ಮೆಲ್ಲಗೆ ತಲೆಯಾಡಿಸಿ, ತುಟಿಯಲ್ಲೇ 'ಪರವಾಗಿಲ್ಲಮ್ಮ' ಎಂದಳು. ಅಲ್ಲಿಗೆ ಶನಿವಾರ ಹೋಯಿತು.

ಸಮಾಧಾನದ ಮಾತುಗಳು ವಾಪಸಕ್ಕನ ಗಂಟಲವರೆಗೆ ಬಂದವು. 'ತುಂಬ ಚೆನ್ನಾಗಿವೆ ದೊಡ್ಡಕ್ಕ, ಬೀರುವಿನಲ್ಲಿ ಜಾಗ ಇರಲಿಲ್ಲ ಅಷ್ಟೇ.' ಹಾಗೆ ಅಂದಿದ್ದರೆ ಆ ಮನೆ ಮತ್ತೆ ಹಳೆಯ ಜಾಡಿಗೇ ಬೀಳುತ್ತಿತ್ತು. ಅವಳು ಹೇಳಲಿಲ್ಲ. ಏಪ್ರನ್ನಿನ ಗಂಟನ್ನು ಬಿಗಿ ಮಾಡಿಕೊಂಡಳು. ಮುಖದಲ್ಲಿ ಕೌಂಟರಿನ ನಗು ತಂದುಕೊಂಡಳು, ಈ ಸಲ ಅದು ಬರಿಯ ಕೌಂಟರಿನ ನಗುವಾಗಿರಲಿಲ್ಲ.

"ನಿಮ್ಮದೇನಾದ್ರೂ ವಾಪಸ್ ಕೊಡೋದಿದೆಯಾ, ದೊಡ್ಡಕ್ಕ?"

ದೊಡ್ಡಕ್ಕ ಅವಳನ್ನೇ ದಿಟ್ಟಿಸಿದಳು. ಟ್ರೇಯನ್ನು ಕೆಳಗಿಟ್ಟಳು. ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. "ಅಳ್ತಿದ್ದಾಳೆ" ಎಂದು ಪಿಸುಗುಟ್ಟಿದ ಮೈದುನ. ಕಪಾಟು ತೆರೆದ ಸದ್ದು ಕೇಳಿಸಿತು, ಏನನ್ನೋ ಎಳೆದ ಸದ್ದು ಕೇಳಿಸಿತು. ಚಹಾದ ಮೇಲೆ ಕೆನೆ ಕಟ್ಟತೊಡಗಿತು.

ಬಾಗಿಲು ತೆರೆಯಿತು. ದೊಡ್ಡಕ್ಕನ ಎರಡೂ ಕೈಯಲ್ಲಿ ಉಲ್ಲನ್ ತುಂಬಿದ ದೊಡ್ಡ ಬುಟ್ಟಿ. ಅದರೊಳಗಿಂದ ಉದ್ದುದ್ದ ಸೂಜಿಗಳು ಎದ್ದು ನಿಂತಿದ್ದವು. ಬುಟ್ಟಿಯನ್ನು ಅವಳು ಮೈಯಿಂದ ದೂರ ಹಿಡಿದಿದ್ದಳು. ವಾಪಸಕ್ಕನ ಕಣ್ಣು ಅದನ್ನು ತಪ್ಪದೆ ಗುರುತಿಸಿತು.

ಮೇಜಿನ ಮೇಲೆ ಧೊಪ್ಪೆಂದು ಬುಟ್ಟಿ ಬಿತ್ತು.

"ಇದನ್ನ ವಾಪಸ್ ತಗೋ" ಎಂದಳು ದೊಡ್ಡಕ್ಕ.

"ತೊಂದರೆ ಇಲ್ಲ, ಮೇಡಂ" ಎಂದಳು ವಾಪಸಕ್ಕ. ಅವಳ ದನಿ ಆ ಸಂಜೆ ಮೊದಲ ಬಾರಿಗೆ ನಡುಗಿತು.

ದೊಡ್ಡಕ್ಕನ ಭುಜಗಳು ಇಳಿದವು. ಹಾಗೆ ಇಳಿದದ್ದನ್ನು ವಾಪಸಕ್ಕ ಅಷ್ಟು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. "ಕಾರಣ ಕೇಳಬೇಡ ಅಂತೀಯ, ಆದ್ರೆ ಹೇಳ್ತೀನಿ" ಎಂದಳು ಹೆಬ್ಬೆರಳನ್ನು ಒತ್ತಿಕೊಳ್ಳುತ್ತ. "ನನಗೆ ಹೆಣೆಯೋದು ಅಂದ್ರೆ ಆಗಲ್ಲ. ಯಾವತ್ತೂ ಆಗ್ತಿರಲಿಲ್ಲ. ಒಂದು ವರ್ಷ ಕೈ ಖಾಲಿ ಇತ್ತು ಅಂತ ಎಲ್ಲರಿಗೂ ಹೆಣೆದುಕೊಟ್ಟೆ. ನೀವೆಲ್ಲ 'ಇದೇ ಬೇಕಾಗಿತ್ತು' ಅಂದ್ರಿ. ಮುಂದಿನ ವರ್ಷ ಕೊಡದಿದ್ರೆ ಬೇಜಾರಾಗುತ್ತೆ ಅಂತ ಮತ್ತೆ ಹೆಣೆದೆ. ಬೆರಳು ನೋಯುತ್ತೆ, ಕಣ್ಣು ಉರಿಯುತ್ತೆ. ತೋಳು ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಇವತ್ತಿಗೂ ಗೊತ್ತಾಗಲ್ಲ! ಯಾರಾದ್ರೂ ಒಬ್ಬರು, ಒಬ್ಬರೇ ಒಬ್ಬರು, ಸಾಕು ನಿಲ್ಲಿಸೇ ಅಂದಿದ್ರೆ..."

"ಸಾಕು ನಿಲ್ಲಿಸೇ!" ಎಂದು ಅತ್ತೆ ಕೂಗಿದಳು. ಅವಳಿಗೆ ಎಷ್ಟು ಕೇಳಿಸಿತ್ತೋ ದೇವರಿಗೇ ಗೊತ್ತು.

ಮೊದಲು ನಕ್ಕವಳು ದೊಡ್ಡಕ್ಕನೇ. ಆಮೇಲೆ ಸೂರೇ ಹಾರಿಹೋಗುವಂಥ ನಗು. ಭಾವ ಕಣ್ಣೊರೆಸಿಕೊಳ್ಳುತ್ತ, "ಆ ಟಿಕ್ ಟಿಕ್ ಸದ್ದಿಗೆ ನನಗೆ ನಿದ್ದೆ ಬರ್ತಿರಲಿಲ್ಲ ಮಾರಾಯ್ತಿ" ಎಂದ. "ಹೇಳೋಕೇನಾಗಿತ್ತು ನಿಮಗೆ!" ಎಂದು ದೊಡ್ಡಕ್ಕ ಅವನ ಕಿವಿ ಹಿಂಡಿದಳು.

ನಗು ಇಳಿದ ಮೇಲೆ ಅವಳು ವಾಪಸಕ್ಕನ ಕಡೆ ತಿರುಗಿದಳು. "ನೋವಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆ ರಾಶಿ ನೋಡಿ ಕರುಳು ಚುರ್ ಅಂತು. ಮಾತಿನ ಪ್ರಕಾರ ಶನಿವಾರ ನೀನು ಅಂಗಡಿಗೆ ಹೋಗಬೇಕು."

ನ್ಯಾಯ ನ್ಯಾಯವೇ. ಆದರೆ ವಾಪಸಕ್ಕ ಇನ್ನು 'ಪರವಾಗಿಲ್ಲ' ಎನ್ನುವವಳಾಗಿರಲಿಲ್ಲ.

"ಹೋಗಲ್ಲ ದೊಡ್ಡಕ್ಕ. ಶನಿವಾರ ನನ್ನ ಮಗಳ ಈಜು ಇದೆ. ಕೊನೇ ಸಲ. ಒಂದು ವರ್ಷವೂ ನಾನು ನೋಡಿಲ್ಲ. ನನಗೆ ಬೇಕಾಗಿರೋದು ಅದೊಂದೇ."

'ಇದೇ ಬೇಕಾಗಿತ್ತು' ಎಂದು ಸಾವಿರ ಸಲ ಸುಳ್ಳು ಕೇಳಿದ ಮನೆ ಅದು. ಮೊದಲ ಸಲ ಅಲ್ಲಿ ಒಬ್ಬರು ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳಿದ್ದರು. ದೊಡ್ಡಕ್ಕ ತಮ್ಮನ ಹೆಂಡತಿಯನ್ನು ನೋಡಿದಳು, ಅವಳ ಮಗಳನ್ನು ನೋಡಿದಳು. "ಪ್ರತಿ ವರ್ಷವೂ ಆ ದಿನವೇನಾ?" ಎಂದು ಕೇಳಿದಳು. ಮಗಳು ಹೂಂ ಎಂದಳು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ದೊಡ್ಡಕ್ಕ ಹಣೆ ಚಚ್ಚಿಕೊಂಡಳು. ಆಮೇಲೆ ಎಂದಿನ ಗತ್ತಿನಲ್ಲಿ ಎಲ್ಲರ ಕಡೆ ಬೆರಳು ತೋರಿಸಿದಳು. "ಶನಿವಾರ ಯಾರೂ ಯಾವ ಅಂಗಡಿಗೂ ಕಾಲಿಡೋ ಹಾಗಿಲ್ಲ. ಎಲ್ಲರೂ ಈಜುಕೊಳದ ಹತ್ತಿರ ಇರಬೇಕು. ಬರದೇ ಇದ್ದವರಿಗೆ ಸ್ವೆಟರ್ ಹೆಣೆದು ಕೊಡ್ತೀನಿ!"

ಅದಕ್ಕಿಂತ ದೊಡ್ಡ ಬೆದರಿಕೆ ಬೇಕಿರಲಿಲ್ಲ. ಶನಿವಾರ ಬೆಳಿಗ್ಗೆ ಸ್ಟುಡಿಯೊಗೆ ಬಾಗಿಲು ಹಾಕಿ ಮೈದುನ ಬಂದ, ಆಸ್ಪತ್ರೆಯಲ್ಲಿ ಪಾಳಿ ಬದಲಾಯಿಸಿಕೊಂಡು ಓರಗಿತ್ತಿ ಬಂದಳು, ಅತ್ತೆ ಅಲಾರಂ ಕೂಗುವ ಮೊದಲೇ ಎದ್ದು ಕೂತಿದ್ದಳು. ಯಾರಿಗೂ ಬೇಡವಾದ ಸ್ವೆಟರುಗಳನ್ನು ವಾಪಸಕ್ಕನ ಗಂಡ ದೊಡ್ಡ ಮೂಟೆ ಕಟ್ಟಿ ಹೊತ್ತು ತಂದಿದ್ದ. ಬರುವ ದಾರಿಯಲ್ಲಿ ಯಾರಿಗಾದರೂ ಕೊಡೋಣವೆಂದಿದ್ದರು, ಕೊಡುವುದು ಮರೆತೇಹೋಯಿತು. ಮೂಟೆ ಕಲ್ಲಿನ ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತಿತ್ತು.

ಸೂರಿಲ್ಲದ ಕೊಳ. ನೀರಿನ ಮೇಲೆ ತೆಳ್ಳಗೆ ಹಬೆ ಆಡುತ್ತಿತ್ತು, ಗಾಳಿ ಕಿವಿ ಕಚ್ಚುತ್ತಿತ್ತು. ಸೀಟಿ ಊದಿತು. ಮಗಳು ಗೋಡೆಯನ್ನು ಒದ್ದು ಹಿಂದಕ್ಕೆ ಚಿಮ್ಮಿದಳು. ವಾಪಸಕ್ಕ ಕೂಗಲೆಂದು ಎದ್ದು ನಿಂತಳು. ಮೊದಲು ಕೂಗಿದವಳು ದೊಡ್ಡಕ್ಕ. ತಮ್ಮಂದಿರನ್ನು ಬೀದಿಯಿಂದ ಊಟಕ್ಕೆ ಕರೆದು ಪಳಗಿದ ದನಿ ಅದು, ಕೊಳದ ಆ ದಡಕ್ಕೆ ಮುಟ್ಟಿತು. ಅಂಗಾತ ಈಜುವವರಿಗೆ ಒಂದು ಅನುಕೂಲ. ಅವರ ಕಣ್ಣು ಮೇಲಿರುತ್ತದೆ. ನಡುಕೊಳದಲ್ಲಿ ಮಗಳ ಕಣ್ಣು ಮೆಟ್ಟಿಲ ಸಾಲಿನ ಮೇಲೆ ಹಾದುಹೋಯಿತು. ಅಲ್ಲಿ ಎದ್ದು ನಿಂತಿದ್ದ ಅಮ್ಮ ಕಂಡಳು, ಕುಣಿಯುತ್ತಿದ್ದ ಬೋಳುತಲೆಯ ಭಾವ ಕಂಡ, ಇಡೀ ಬಳಗ ಕಂಡಿತು.

ಆಮೇಲೆ ಆ ತೋಳುಗಳಿಗೆ ಏನು ಬಂತೋ! ಎರಡನೆಯವಳಾಗಿ ಹೋಗುತ್ತಿದ್ದವಳು ತಿರುವಿನಲ್ಲಿ ಮೊದಲಿನವಳನ್ನು ಹಿಡಿದಳು, ಗೋಡೆ ಬಂತೆಂದು ತಿಳಿಸಲು ಕೊಳದ ಮೇಲೆ ಅಡ್ಡ ಕಟ್ಟಿದ ಹಗ್ಗದ ಹತ್ತಿರ ಹಿಂದೆ ಹಾಕಿದಳು. ಅವಳ ಕೈ ಗೋಡೆಗೆ ಮೊದಲು ಬಡಿಯಿತು. ಗೆದ್ದಳು! ಎಲ್ಲರ ತಲೆಗಳೂ ದೊಡ್ಡ ಗಡಿಯಾರದ ಕಡೆ ತಿರುಗಿದವು. ಅವಳೊಬ್ಬಳು ತಿರುಗಲಿಲ್ಲ. ಅವಳು ಮೆಟ್ಟಿಲುಗಳ ಕಡೆ ನೋಡಿ ನೀರಿನಿಂದ ಕೈ ಎತ್ತಿದಳು. ವಾಪಸಕ್ಕ ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ನೀರಿನಿಂದ ಮೇಲೆ ಬಂದ ಹುಡುಗಿಯ ಹಲ್ಲು ಕಟಕಟ ಎನ್ನುತ್ತಿದ್ದವು. ಟವೆಲ್ ಹುಡುಕುವಷ್ಟರಲ್ಲಿ ದೊಡ್ಡಕ್ಕ ಮೂಟೆ ಬಿಚ್ಚಿ, ನೀಲಿ ಸ್ವೆಟರೊಂದನ್ನು ಎಳೆದು ಅವಳ ತಲೆಯ ಮೇಲಿಂದ ಇಳಿಸಿದಳು. ಸ್ವೆಟರ್ ಮೊಣಕಾಲಿಗೆ ಬಂತು. ತೋಳುಗಳು ಬೆರಳುಗಳನ್ನೂ ದಾಟಿ ಇಳಿದು ಕೈಗವಸಿನ ಕೆಲಸ ಮಾಡಿದವು. "ಅಬ್ಬಾ, ಎಷ್ಟು ಬೆಚ್ಚಗಿದೆ ದೊಡ್ಡತ್ತೆ!" ಎಂದಳು ಹುಡುಗಿ. ಈ ಸಲ ಅದು ಸುಳ್ಳಲ್ಲ. ಪಕ್ಕದಲ್ಲಿ ನಡುಗುತ್ತಿದ್ದ ಇನ್ನೊಬ್ಬಳು ಆಸೆಯಿಂದ ನೋಡಿದಳು, ಅವಳಿಗೊಂದು ಸಿಕ್ಕಿತು. ಸೋತವಳಿಗೂ ಒಂದು. ಸ್ವಲ್ಪ ಹೊತ್ತಿಗೆ ಕೊಳದ ದಂಡೆಯ ತುಂಬ ನೀಲಿ, ಕೆಂಪು, ಸಾಸಿವೆ ಬಣ್ಣದ ಉದ್ದ ತೋಳುಗಳನ್ನು ಬೀಸುತ್ತ ಹುಡುಗಿಯರು ಓಡಾಡಿದರು. ಮೂಟೆ ಖಾಲಿಯಾಯಿತು.

ದೊಡ್ಡಕ್ಕ ಎದೆಯುಬ್ಬಿಸಿ ನೋಡುತ್ತ ನಿಂತಳು. ಮೆಲ್ಲಗೆ ವಾಪಸಕ್ಕನ ಕಿವಿಯ ಹತ್ತಿರ ಬಾಗಿದಳು. "ಬುಟ್ಟಿಯಲ್ಲಿ ಹಸಿರು ಉಲ್ಲನ್ ಇನ್ನೂ ಸ್ವಲ್ಪ ಇತ್ತಲ್ವಾ..."

"ವಾಪಸ್ ಬಂದ ಮಾಲು ಮತ್ತೆ ಕೊಡಲ್ಲ, ಮೇಡಂ" ಎಂದಳು ವಾಪಸಕ್ಕ.

ಕೊರಳಿಗೆ ಪದಕ ಹಾಕಿಸಿಕೊಂಡ ಮಗಳು ಸ್ವೆಟರಿನ ತೋಳುಗಳನ್ನು ಹಾರಿಸುತ್ತ ಮೆಟ್ಟಿಲು ಹತ್ತಿ ಬಂದಳು. ಒದ್ದೆ ತಲೆಯನ್ನು ತಾಯಿಯ ಎದೆಗಿಟ್ಟು, ಏದುಸಿರಿನಲ್ಲಿ ಕೇಳಿದಳು.

"ನೋಡಿದ್ಯಾ, ಅಮ್ಮಾ?"

"ನೋಡಿದೆ" ಎಂದಳು ತಾಯಿ. "ಮೊದಲಿಂದ ಕೊನೆವರೆಗೂ ನೋಡಿದೆ. ಮಧ್ಯೆ ಯಾರ ಟೊಪ್ಪಿಗೆನೂ ಇರಲಿಲ್ಲ."